ಮನೆಯವರ ನೆರವಿನಿಂದ ಕೇಕ್, ಜಾಮ್ ಮಾಡಿ ಮಾರುತ್ತಿರುವವರ ಅನುಭವ ಬೇಕಾಗಿದೆ

ಹಾಸನ, ಸಾಲಗಾಮೆ ರಸ್ತೆಯಿಂದ (ಪ್ರಶ್ನೆ ಕೇಳಿದವರು):
ಎಲ್ಲರಿಗೂ ನಮಸ್ಕಾರ. ಅತ್ತೆಯವರು, ಓದು ಮುಗಿಸಿ ಮನೆಯಲ್ಲಿರುವ ನಾದಿನಿ ಮತ್ತು ನಾನು ಸೇರಿ ಮನೆಯಲ್ಲೇ ಕೇಕ್ ಹಾಗೂ ಹಣ್ಣಿನ ಜಾಮ್ ಮಾಡಿ ಮಾರಬೇಕೆಂದಿದ್ದೇವೆ. ಬೇಲೂರಿನ ಹತ್ತಿರವಿರುವ ಮಾವನವರ ತೋಟದಿಂದ ಕಿತ್ತಳೆ, ಸೀಬೆ ಬರುತ್ತವೆ. ನನಗಿರುವ ಸಂದೇಹ ಎರಡೇ. 30 ಲೀಟರಿನ ಓವನ್ ಸಾಕಾಗುವುದೋ, 60 ಲೀಟರಿನದೇ ಬೇಕೋ? ಕೇಕ್ ಮತ್ತು ಜಾಮ್ ಎರಡನ್ನೂ ಒಟ್ಟಿಗೆ ಆರಂಭಿಸಬಹುದೋ, ಒಂದಾದ ಮೇಲೆ ಒಂದೋ? ಅನುಭವಸ್ಥರು ದಯವಿಟ್ಟು ತಿಳಿಸಿ.

ಚಿಕ್ಕಮಗಳೂರಿನಿಂದ, ಕೇಕ್ ಮಾಡುವವರು:
ನಾನು ಸಾಲ ಮಾಡದೆ, ಮೈಮೇಲಿನ ಚಿನ್ನವನ್ನು ಅಡವಿಡದೆ ಈ ಕೆಲಸವನ್ನು ಕಟ್ಟಿ ನಿಲ್ಲಿಸಿದವಳು. ಆದ್ದರಿಂದ ಸ್ವಲ್ಪ ವಿವರವಾಗಿಯೇ ಬರೆಯುತ್ತೇನೆ. ಕ್ರಿಸ್‌ಮಸ್ ಹೊತ್ತಿಗೆ ಎಸ್ಟೇಟುಗಳಿಂದ ಬರುವ ಪ್ಲಮ್ ಕೇಕಿನ ಬೇಡಿಕೆಯೇ ನನ್ನ ವರ್ಷದ ಮುಖ್ಯ ಆದಾಯ. ಒಂದು ಕಿಲೋ ಕೇಕಿಗೆ 300 ಗ್ರಾಂ ಒಣಹಣ್ಣಿಗೆ 210 ರೂಪಾಯಿ, 200 ಗ್ರಾಂ ಬೆಣ್ಣೆಗೆ 120, ನಾಲ್ಕು ಮೊಟ್ಟೆಗೆ 28, ಮೈದಾ ಮತ್ತು ಸಕ್ಕರೆಗೆ 19, ಡಬ್ಬ ಹಾಗೂ ತಳದ ರಟ್ಟಿಗೆ 35, ಕರೆಂಟಿಗೆ 15, ಒಟ್ಟು 427 ರೂಪಾಯಿ ಬೀಳುತ್ತದೆ. ನಾನು 700ಕ್ಕೆ ಮಾರುತ್ತೇನೆ. 273 ರೂಪಾಯಿ ಕೈಗುಳಿಯುತ್ತದೆ. ಒಣಹಣ್ಣು ಹೆಚ್ಚುವುದು, ಡಬ್ಬ ಮಡಿಸುವುದು ಇವೆಲ್ಲ ನಾದಿನಿಯರು ಸಂಜೆ ಬಂದು ಮಾಡಿಕೊಡುವ ಕೆಲಸವಾದ್ದರಿಂದ ಅದಕ್ಕೆ ಖರ್ಚಿಲ್ಲ.

ಕಷ್ಟವೆಂದರೆ ಮಳೆಗಾಲ. ಅರ್ಧ ಬೆಂದ ಕೇಕ್ ಕರೆಂಟ್ ಹೋದೊಡನೆ ನಡುವೆ ಕುಸಿಯುತ್ತದೆ, ಮತ್ತೆ ಬಿಸಿ ಕೊಟ್ಟರೂ ಏಳುವುದಿಲ್ಲ. ದೀಪ, ಫ್ಯಾನುಗಳಿಗೆ ಹಾಕಿಸಿದ ಯು.ಪಿ.ಎಸ್. 2000 ವ್ಯಾಟಿನ ಓವನ್ನನ್ನು ಎಳೆಯುವುದಿಲ್ಲ. ವೋಲ್ಟೇಜ್ ಏರಿಳಿದು ಕಾಯಿಲ್ ಸುಟ್ಟಾಗ ಕಾಯಿಲಿಗೆ 1,150, ರಿಪೇರಿಯವರಿಗೆ 400 ಕೊಟ್ಟೆ. ಅದು ತಿಂಗಳು ತುಂಬುವುದರೊಳಗೆ ಮತ್ತೆ ಸುಟ್ಟಿತು, ಆಗ ಆ ಮನುಷ್ಯ ಫೋನನ್ನೇ ಎತ್ತಲಿಲ್ಲ. ಇನ್ನೊಂದು ವಿಷಯವೆಂದರೆ, ನಮ್ಮ ಅತ್ತೆಯವರು ಮೊಟ್ಟೆ ಮುಟ್ಟುವವರಲ್ಲ. ಮೊಟ್ಟೆಯ ಕೇಕಿಗೆಂದು ಹಿತ್ತಲ ಕೋಣೆಯಲ್ಲಿ ಬೇರೆ ಪಾತ್ರೆ, ಬೇರೆ ಬೀಟರ್, ಬೇರೆ ನೀರಿನ ನಲ್ಲಿ ಮಾಡಿಸಲು 18,000 ಖರ್ಚಾಯಿತು. ಮೊಟ್ಟೆ ಹಾಕಿದ್ದಕ್ಕೆ ಲೇಬಲ್ಲಿನ ಮೇಲೆ ಕಂದು ತ್ರಿಕೋನವನ್ನು, ಹಾಕದ್ದಕ್ಕೆ ಹಸಿರು ಚುಕ್ಕೆಯನ್ನು ಹಾಕಲೇಬೇಕು.

ಮೂಡಿಗೆರೆಯ ತೋಟದ ಮನೆಯಿಂದ:
ಕೇಕಿನ ವಿಚಾರ ನನಗೆ ತಿಳಿಯದು. ಹಣ್ಣಿನ ವಿಚಾರದಲ್ಲಿ ಸಾಕಷ್ಟು ಸುಟ್ಟುಕೊಂಡಿದ್ದೇನೆ. ಕಾಫಿಯ ನಡುವೆ ಬೆಳೆದ ಕಿತ್ತಳೆಯನ್ನು ವ್ಯಾಪಾರಿಗಳು ಕೇಳುವ ಬೆಲೆಗೆ ಕೊಡಲು ಮನಸ್ಸಾಗದೆ ಸ್ಕ್ವಾಷ್ (ನೀರು ಬೆರೆಸಿ ಕುಡಿಯುವ ಹಣ್ಣಿನ ಸಿಹಿರಸ) ಆರಂಭಿಸಿದೆವು. ವಾರಗಿತ್ತಿಯರಿಬ್ಬರೂ ನಾನೂ ಸೇರಿ ಹಿಂಡಿದ ರಸಕ್ಕೆ, ಅದು ಕೆಡದಂತೆ ಹಾಕುವ ಪೊಟ್ಯಾಸಿಯಂ ಮೆಟಾಬೈಸಲ್ಫೈಟ್ ಪುಡಿಯನ್ನು ಅಳತೆ ಮಾಡಿ ಇಟ್ಟಿದ್ದರೆ, ಅತ್ತೆಯವರು "ಮಕ್ಕಳು ಕುಡಿಯುವುದಕ್ಕೆ ಔಷಧ ಬೆರೆಸಬೇಡಿ" ಎಂದು ಹಟ ಹಿಡಿದು ಅದನ್ನು ಎತ್ತಿಡಿಸಿದರು. ಉಗ್ರಾಣದಲ್ಲಿಟ್ಟ ಸ್ಕ್ವಾಷ್ ಹುಳಿಬಂದು, ಗಾಳಿ ತುಂಬಿ, ರಾತ್ರಿಯೆಲ್ಲ ಬಾಟಲಿಗಳು ಒಡೆಯುವ ಸದ್ದು. ಗಾಜಿನ ಬಾಟಲಿಗೆ 22 ರೂಪಾಯಿ, ಮುಚ್ಚಳಕ್ಕೆ 3, ಲೇಬಲಿಗೆ 4, ಸಕ್ಕರೆ, ರಸ, ಸೌದೆ, ಎಲ್ಲ ಸೇರಿ ಹನ್ನೊಂದು ಸಾವಿರದಷ್ಟು ಹಣ ನೆಲಕ್ಕೆ ಹರಿಯಿತು. ಉಗ್ರಾಣದ ಇರುವೆ ಹೋಗಲು ಯುಗಾದಿಯವರೆಗೆ ಕಾಯಬೇಕಾಯಿತು.

ಸ್ಕ್ವಾಷಿನಲ್ಲಿ ಆ ಪುಡಿಯಿಂದ ಬರುವ ಗಂಧಕದ ಡೈಆಕ್ಸೈಡ್ 350 ಪಿ.ಪಿ.ಎಂ. (ಹತ್ತು ಲಕ್ಷದಲ್ಲಿ 350 ಪಾಲು) ಮೀರಬಾರದೆಂದು ನಿಯಮವಿದೆ, ಅಂದರೆ ಒಂದು ಕಿಲೋಗೆ ಅರ್ಧ ಗ್ರಾಮಿಗಿಂತ ಸ್ವಲ್ಪವೇ ಹೆಚ್ಚು ಪುಡಿ. ಅಷ್ಟನ್ನು ಹಾಕಲು ಹೆದರುವವರು ಸ್ಕ್ವಾಷಿಗೆ ಕೈ ಹಾಕಬಾರದು.

ಕೊಪ್ಪದಿಂದ:
ಮೇಲಿನವರ ಮಾತನ್ನು ಓದಿ ಬೇಸರವಾಯಿತು. ನಮ್ಮ ಮನೆಯಲ್ಲಿ ಅಜ್ಜಿಯ ಕಾಲದಿಂದ ಸೀಬೆ ಜೆಲ್ಲಿ, ಅನಾನಸ್ ಜಾಮ್, ಮಾಂಬಳ (ಮಾವಿನ ರಸವನ್ನು ಹರಡಿ ಒಣಗಿಸಿದ್ದು) ಮಾಡುತ್ತಿದ್ದೇವೆ; ಒಂದು ಚಿಟಿಕೆ ರಾಸಾಯನಿಕವನ್ನೂ ಹಾಕಿದವರಲ್ಲ. ಸಕ್ಕರೆ ಸರಿಯಾಗಿದ್ದು, ನಿಂಬೆಯ ಹುಳಿ ಹದವಾಗಿದ್ದು, ಬಾಟಲಿ ಕುದಿನೀರಿನಲ್ಲಿ ಮಿಂದಿದ್ದರೆ ಬೂಷ್ಟು ಏಕೆ ಬರುತ್ತದೆ? ನಮಗೆ ನಷ್ಟವಾದದ್ದು ಒಂದೇ ಸಲ, ಅದೂ ಮುಚ್ಚಳದಿಂದ. ಪಟ್ಟಣದ ಅಂಗಡಿಯೊಂದು ಹಳೆಯ ಮುಚ್ಚಳಗಳನ್ನು ತೊಳೆದು ಹೊಸದೆಂದು ಕೊಟ್ಟಿತ್ತು. ಒಳಗಿನ ರಬ್ಬರ್ ಪಟ್ಟಿಯ ಮೇಲೆ ಮೊದಲೇ ಗೀರು ಬಿದ್ದಿದ್ದರೆ ಅದು ಮತ್ತೆ ಬಿಗಿಯಾಗಿ ಕೂರುವುದಿಲ್ಲ. ಬಾಟಲಿಯನ್ನು ಬೇಕಾದಷ್ಟು ಸಲ ಬಳಸಿ, ಮುಚ್ಚಳವನ್ನು ಮಾತ್ರ ಪ್ರತಿ ಸಲ ಹೊಸದಾಗಿ ತನ್ನಿ. ಹಿರಿಯರ ಮಾತನ್ನು ಕೇಳಿದ್ದರಿಂದ ನಷ್ಟವಾಯಿತೆಂದು ಅತ್ತೆಯವರ ಮೇಲೆ ಹೊರೆ ಹೊರಿಸುವುದು ಶೋಭಿಸುವ ಮಾತಲ್ಲ.

ಮೂಡಿಗೆರೆಯ ತೋಟದ ಮನೆಯಿಂದ:
ಕೊಪ್ಪದವರೇ, ನಾನು ಬರೆದದ್ದು ಸ್ಕ್ವಾಷಿನ ಬಗ್ಗೆ, ನೀವು ಬರೆಯುತ್ತಿರುವುದು ಜಾಮಿನ ಬಗ್ಗೆ. ಓದದೆ ಉಪದೇಶ ಮಾಡುವವರಿಗೆ ನಾನೇನು ಹೇಳಲಿ? ನನ್ನ ಅತ್ತೆಯವರನ್ನು ಸಾಕುತ್ತಿರುವವಳು ನಾನು, ನೀವಲ್ಲ.

ಸಕಲೇಶಪುರದಿಂದ, ನಿವೃತ್ತ ರಸಾಯನಶಾಸ್ತ್ರ ಅಧ್ಯಾಪಕರು:
ಇಬ್ಬರ ಮಾತೂ ಅವರವರ ಪದಾರ್ಥಕ್ಕೆ ಸರಿಯಾಗಿಯೇ ಇದೆ. ಜಾಮಿನಲ್ಲಿ ಕರಗಿದ ಘನಾಂಶ, ಅಂದರೆ ಬಹುಪಾಲು ಸಕ್ಕರೆ, ನಿಯಮದಂತೆ ಕನಿಷ್ಠ 65 ಶೇಕಡ ಇರಬೇಕು; ಅಷ್ಟು ಸಕ್ಕರೆಯಲ್ಲಿ ಸೂಕ್ಷ್ಮಜೀವಿಗಳಿಗೆ ನೀರು ಸಿಗುವುದಿಲ್ಲ. ಸ್ಕ್ವಾಷಿನಲ್ಲಿ ಕಡ್ಡಾಯವಾಗಿರುವುದು 40 ಶೇಕಡ ಮಾತ್ರ, ಅಷ್ಟರಲ್ಲಿ ಯೀಸ್ಟ್ ಆರಾಮವಾಗಿ ಬದುಕುತ್ತದೆ. ಪುಸ್ತಕಗಳಲ್ಲಿ ಬರೆದಿರುವ 105 ಡಿಗ್ರಿಯನ್ನು ನಂಬಿ ಜಾಮ್ ಕಾಯಿಸುವವರು ನಮ್ಮ ಜಿಲ್ಲೆಗಳಲ್ಲಿ ಹಲವರಿದ್ದಾರೆ. ಹಾಸನ ಸಮುದ್ರಮಟ್ಟದಿಂದ ಸುಮಾರು 1000 ಮೀಟರ್ ಎತ್ತರದಲ್ಲಿದೆ, ಚಿಕ್ಕಮಗಳೂರು ಇನ್ನೂ ಸ್ವಲ್ಪ ಮೇಲಿದೆ. ಪ್ರತಿ 300 ಮೀಟರಿಗೆ ನೀರು ಕುದಿಯುವ ಉಷ್ಣತೆ ಸುಮಾರು ಒಂದು ಡಿಗ್ರಿ ಇಳಿಯುವುದರಿಂದ ಇಲ್ಲಿ ನೀರು 97ಕ್ಕಿಂತ ತುಸು ಕೆಳಗೇ ಕುದಿಯುತ್ತದೆ, ಜಾಮ್ 101 ಅಥವಾ 102ಕ್ಕೆ ಹದಕ್ಕೆ ಬರುತ್ತದೆ. 105ರವರೆಗೆ ಕಾಯಿಸಿದರೆ ಅದು ಚಮಚಕ್ಕೆ ಬಗ್ಗದ ಮಿಠಾಯಿಯಾಗುತ್ತದೆ. ಇದೇ ಕಾರಣಕ್ಕೆ ತುಂಬಿದ ಬಾಟಲಿಗಳನ್ನು ಕುದಿನೀರಿನಲ್ಲಿಡುವ ಅವಧಿಯನ್ನು ಸಮುದ್ರಮಟ್ಟದವರಿಗಿಂತ 5 ನಿಮಿಷ ಹೆಚ್ಚಿಸಬೇಕು.

ಕೊಪ್ಪದಿಂದ:
ಮೇಷ್ಟ್ರೇ, ನಮ್ಮಜ್ಜಿಯ ಕೈಯಲ್ಲಿ ಥರ್ಮಾಮೀಟರ್ ಇರಲಿಲ್ಲ. ತಣ್ಣನೆಯ ತಟ್ಟೆಯ ಮೇಲೆ ಹನಿ ಬಿಟ್ಟು, ಓರೆ ಮಾಡಿ, ಹರಿಯದಿದ್ದರೆ ಇಳಿಸುತ್ತಿದ್ದರು. ಎತ್ತರವೂ ಬೇಡ, ಲೆಕ್ಕವೂ ಬೇಡ.

ಸಕಲೇಶಪುರದಿಂದ, ನಿವೃತ್ತ ರಸಾಯನಶಾಸ್ತ್ರ ಅಧ್ಯಾಪಕರು:
ತಟ್ಟೆಯ ಪರೀಕ್ಷೆ ಒಳ್ಳೆಯದೇ, ನಾನು ಅಲ್ಲಗಳೆಯುವುದಿಲ್ಲ. ಆದರೆ ಅಜ್ಜಿಯವರು ಮನೆಮಂದಿಗೆ ಮಾಡುತ್ತಿದ್ದರು, ಇವರು ಮಾರಲು ಹೊರಟಿದ್ದಾರೆ. ಕೊಂಡವರು ಪ್ರತಿ ಬಾಟಲಿಯೂ ಒಂದೇ ಹದದಲ್ಲಿರಬೇಕೆಂದು ಕೇಳುತ್ತಾರೆ.

ಅರಸೀಕೆರೆಯಿಂದ:
ಮೇಷ್ಟ್ರನ್ನು ಬಿಟ್ಟರೆ ಇಲ್ಲಿಯವರೆಗೆ ಬರೆದವರೆಲ್ಲರೂ ಒಡತಿಯರು. ನಾನು ಬರೆಯುತ್ತಿರುವುದು "ಮನೆಯವರ ನೆರವು" ಎಂದು ನೀವು ಕರೆಯುವ ಜಾಗದಲ್ಲಿ ನಿಂತು. ಅತ್ತಿಗೆಯವರು ಬೇಕಿಂಗ್ ಆರಂಭಿಸಿದಾಗ ಕೆಲಸವಿಲ್ಲದೆ ಮನೆಯಲ್ಲಿದ್ದ ನಾದಿನಿ ನಾನೇ. ಕಿತ್ತಳೆ ಸಿಪ್ಪೆಯ ಒಳಗಿನ ಬಿಳಿಯನ್ನು ಕೆರೆದು, ನೀರು ಬದಲಿಸಿ ಬದಲಿಸಿ ಕಹಿ ತೆಗೆದು, ದಿನಕ್ಕಿಷ್ಟು ಎಂದು ಪಾಕವನ್ನು ಗಟ್ಟಿ ಮಾಡುತ್ತ, ಕೇಕಿಗೆ ಹಾಕುವ ಸಿಪ್ಪೆ ಮುರಬ್ಬವನ್ನು ವಾರವಿಡೀ ಕಾದು ಮಾಡಿದವಳು ನಾನು. ಹಸಿ ಪರಂಗಿಯನ್ನು ಚೂರು ಮಾಡಿ ಟೂಟಿಫ್ರೂಟಿ ಮಾಡಿದವಳೂ ನಾನೇ; ಬೆರಳ ತುದಿಗಳು ಪರಂಗಿಯ ಹಾಲಿಗೆ ಸುಲಿದುಹೋಗಿದ್ದವು. ಊರಿನವರೆಲ್ಲ ಅತ್ತಿಗೆಯವರ ಕೈಚಳಕವನ್ನು ಹೊಗಳಿದರು. ನನಗೆ ದೀಪಾವಳಿಗೆ ಒಂದು ಚೂಡಿದಾರ್ ಬಂತು.

ಚಿಕ್ಕಮಗಳೂರಿನವರೇ, ನಿಮ್ಮ 273 ರೂಪಾಯಿಯ ಲೆಕ್ಕದಲ್ಲಿ ನಿಮ್ಮ ನಾದಿನಿಯರ ಸಂಜೆಗಳು ಎಲ್ಲಿವೆ? ಹೆಚ್ಚುವವರನ್ನು ಕೂಲಿಗೆ ಕರೆದಿದ್ದರೆ ಕಿಲೋಗೆ 60 ರೂಪಾಯಿಯನ್ನಾದರೂ ಕೊಡುತ್ತಿದ್ದಿರಿ. ಬೆಣ್ಣೆಯನ್ನು ಗ್ರಾಮಿನಲ್ಲಿ ತೂಗುವವರಿಗೆ ಮನುಷ್ಯರ ಹೊತ್ತನ್ನು ಮಾತ್ರ ತೂಗಲು ಬಾರದೇ?

ಚಿಕ್ಕಮಗಳೂರಿನಿಂದ, ಕೇಕ್ ಮಾಡುವವರು:
ನನ್ನ ಮನೆಯ ಸಂಬಂಧಗಳನ್ನು ಕೂಲಿಯ ಲೆಕ್ಕಕ್ಕೆ ಇಳಿಸುವ ಅಧಿಕಾರವನ್ನು ನಾನು ನಿಮಗೆ ಕೊಟ್ಟಿಲ್ಲ. ನನ್ನ ದೊಡ್ಡ ನಾದಿನಿಯ ಮಗಳ ಕಾಲೇಜು ಶುಲ್ಕಕ್ಕೆ ನಾನು ಕೊಟ್ಟ ಹಣವನ್ನು ಇಲ್ಲಿ ಬರೆದು ತೋರಿಸಬೇಕೇ? ನಿಮ್ಮ ಅತ್ತಿಗೆಯವರ ಮೇಲಿನ ಸಿಟ್ಟನ್ನು ನನ್ನ ಮೇಲೆ ತೀರಿಸಿಕೊಳ್ಳಬೇಡಿ.

ಅರಸೀಕೆರೆಯಿಂದ:
ಶುಲ್ಕ ಕೊಟ್ಟದ್ದು ನಿಮ್ಮ ದೊಡ್ಡತನ. ದೊಡ್ಡತನಕ್ಕೆ ಸಂಬಳದಂತೆ ತಿಂಗಳ ದಿನಾಂಕವಿರುವುದಿಲ್ಲ, ಕೇಳುವ ಹಕ್ಕೂ ಇರುವುದಿಲ್ಲ. ನನ್ನ ತಕರಾರು ಅದರ ಮೇಲೆಯೇ.

ಹಾಸನ, ಸಾಲಗಾಮೆ ರಸ್ತೆಯಿಂದ (ಪ್ರಶ್ನೆ ಕೇಳಿದವರು):
ಎಲ್ಲರಿಗೂ ಧನ್ಯವಾದಗಳು. ಓವನ್ನಿನ ವಿಷಯವನ್ನು ಯಾರಾದರೂ ತಿಳಿಸಿದರೆ ಉಪಕಾರವಾಗುತ್ತದೆ, ಹಬ್ಬದ ರಿಯಾಯಿತಿ ಈ ಭಾನುವಾರಕ್ಕೆ ಮುಗಿಯುತ್ತದೆ. ಆಹಾರ ಮಾರಲು ಮಾಡಿಸಬೇಕಾದ ನೋಂದಣಿಗೆ ಒಬ್ಬರು 1,500 ಕೇಳುತ್ತಿದ್ದಾರೆ, ಅದು ಸರಿಯೇ?

ಸಕಲೇಶಪುರದಿಂದ, ನಿವೃತ್ತ ರಸಾಯನಶಾಸ್ತ್ರ ಅಧ್ಯಾಪಕರು:
ಸಣ್ಣ ಪ್ರಮಾಣದಲ್ಲಿ ಮಾಡುವವರ ಎಫ್.ಎಸ್.ಎಸ್.ಎ.ಐ. (ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರ) ನೋಂದಣಿಗೆ ನನ್ನ ಮಗಳು ಕಟ್ಟಿದ್ದು ವರ್ಷಕ್ಕೆ 100 ರೂಪಾಯಿಯ ಸರ್ಕಾರಿ ಶುಲ್ಕ ಮಾತ್ರ. ಉಳಿದದ್ದು ಮಧ್ಯವರ್ತಿಯ ಕೂಲಿ. ನೀವೇ ಆನ್‌ಲೈನಿನಲ್ಲಿ ತುಂಬಬಹುದು. ಬರುವ 14 ಅಂಕೆಗಳ ಸಂಖ್ಯೆಯನ್ನು ಪ್ರತಿ ಲೇಬಲ್ಲಿನ ಮೇಲೂ ಮುದ್ರಿಸಬೇಕು. ಯಾವ ಓವನ್ ಕೊಂಡರೂ ಮೊದಲು 16 ಆಂಪಿಯರ್ ಪ್ಲಗ್ಗನ್ನು ಹಾಕಿಸಿಕೊಳ್ಳಿ.

ಚಿಕ್ಕಮಗಳೂರಿನಿಂದ, ಕೇಕ್ ಮಾಡುವವರು:
60 ಲೀಟರಿನದನ್ನೇ ಕೊಳ್ಳಿ. 30ರಲ್ಲಿ ಒಂದು ಕಿಲೋದ ಕೇಕ್ ಒಂದೇ ಹಿಡಿಯುತ್ತದೆ, ಡಿಸೆಂಬರಿನಲ್ಲಿ ರಾತ್ರಿಯೆಲ್ಲ ಓವನ್ ಮುಂದೆ ಕೂರಬೇಕಾಗುತ್ತದೆ. ಜಾಮನ್ನು ಮುಂದಿನ ವರ್ಷಕ್ಕಿಡಿ. ಒಂದೇ ಅಡುಗೆಮನೆಯಲ್ಲಿ ಕುದಿಯುವ ಜಾಮಿನ ಹಬೆಗೆ ಐಸಿಂಗ್ ಸಕ್ಕರೆ ಗಂಟುಗಟ್ಟುತ್ತದೆ.

ಮೂಡಿಗೆರೆಯ ತೋಟದ ಮನೆಯಿಂದ:
ಜಾಮನ್ನು ಮುಂದಿನ ವರ್ಷಕ್ಕಿಟ್ಟರೆ ಈ ವರ್ಷದ ಕಿತ್ತಳೆಯನ್ನು ಏನು ಮಾಡುವುದು? ಹಣ್ಣು ಯಾರಿಗಾಗಿಯೂ ಕಾಯುವುದಿಲ್ಲ. ಅಂದ ಹಾಗೆ, ನಮ್ಮ ಕಡೆಯ ಕಿತ್ತಳೆಯನ್ನು ಹಿಂಡುವಾಗ ಬೀಜ ಜಜ್ಜಬಾರದು, ರಸವನ್ನು ಹೆಚ್ಚು ಕಾಯಿಸಲೂಬಾರದು. ಮೊದಲ ದಿನ ಸಿಹಿಯಾಗಿದ್ದ ರಸ ಆಮೇಲೆ ಕಹಿಯಾಗುತ್ತದೆ. ಹಾಸನದ ಕಟ್ಟಿನಕೆರೆ ಮಾರುಕಟ್ಟೆಯಲ್ಲಿ ಸಿಗುವ ನಾಗಪುರದ ಹಣ್ಣನ್ನು ಬೆರೆಸಿದರೆ ನಡೆಯುತ್ತದೆ ಎನ್ನುವವರಿದ್ದಾರೆ, ಆದರೆ ನಾನು ಒಪ್ಪುವುದಿಲ್ಲ.

ಕೊಪ್ಪದಿಂದ:
ಬೆರೆಸಿದರೆ ಏನಾಗುತ್ತದೆ? ನಾವು ಬೆರೆಸುತ್ತೇವೆ, ಕೊಂಡವರು ಮತ್ತೆ ಬಂದು ಕೇಳುತ್ತಾರೆ.

ಮೂಡಿಗೆರೆಯ ತೋಟದ ಮನೆಯಿಂದ:
ಹಾಗಾದರೆ ಲೇಬಲ್ಲಿನ ಮೇಲೆ "ಮಲೆನಾಡಿನ ಕಿತ್ತಳೆ" ಎಂದು ಬರೆಯುವುದನ್ನು ನಿಲ್ಲಿಸಿ. ನಿಮ್ಮಂಥವರಿಂದಾಗಿ ನಮ್ಮ ತೋಟದ ಹಣ್ಣಿಗೆ ಕಿಲೋಗೆ ಹತ್ತು ರೂಪಾಯಿ ಹೆಚ್ಚು ಕೇಳಿದರೂ ವ್ಯಾಪಾರಿಗಳು ನಗುತ್ತಾರೆ.