ಪ್ರೊಬೇಷನ್ ಮೇಲೆ ಬಿಡುವುದಕ್ಕೆ "ಸನ್ನಡತೆ ಬಿಡುಗಡೆ" ಅನ್ನಬಹುದೇ?

ಗೆಳೆಯರೇ, 1958ರ ಅಪರಾಧಿಗಳ ಪರಿವೀಕ್ಷಣಾ (ಅಂದರೆ ಪ್ರೊಬೇಷನ್) ಕಾಯ್ದೆಯ ಬಗ್ಗೆ ಸರಳ ಕನ್ನಡದಲ್ಲಿ ಒಂದು ಕೈಪಿಡಿ ಬರೆಯುತ್ತಿದ್ದೇನೆ. ಒಂದು ಪದ ಕೈಗೆ ಸಿಗುತ್ತಿಲ್ಲ.

4ನೇ ಸೆಕ್ಷನ್ನಿನ ಮಾತು. ತಪ್ಪು ಸಾಬೀತಾಗಿರುತ್ತದೆ. ಆದರೂ ಮ್ಯಾಜಿಸ್ಟ್ರೇಟರು ತಕ್ಷಣ ಶಿಕ್ಷೆ ಕೊಡದೆ, ಮುಚ್ಚಳಿಕೆ ಬರೆಸಿಕೊಂಡು ಬಿಡಬಹುದು. ಹೇಳಿದಷ್ಟು ಕಾಲ, ಹೆಚ್ಚೆಂದರೆ 3 ವರ್ಷ, ಆತ ನೆಟ್ಟಗಿರಬೇಕು. ಕರೆದರೆ ಬಂದು ಶಿಕ್ಷೆ ಪಡೆಯಬೇಕು. ಇದನ್ನು "ಸನ್ನಡತೆ ಮೇಲೆ ಬಿಡುಗಡೆ" ಅಂತ ಬರೆದರೆ ಓದುವವರಿಗೆ ಹೊಳೆಯುವುದೇ ಬೇರೆ: ವರ್ಷಗಟ್ಟಲೆ ಜೈಲಿನಲ್ಲಿದ್ದವರನ್ನು ಅವಧಿಗೆ ಮುಂಚೆ ಬಿಡುವುದು. ಪತ್ರಿಕೆಗಳಲ್ಲಿ ಆ ಪದ ಅದಕ್ಕೇ ಅಂಟಿಕೊಂಡಿದೆ. ಅಲ್ಲಿ ಒಳ್ಳೆಯ ನಡತೆಯನ್ನು ತೋರಿಸಿ ಆಗಿದೆ. ಇಲ್ಲಿ ಇನ್ನು ಮುಂದೆ ತೋರಿಸಬೇಕು.

"ಪರಿವೀಕ್ಷಣೆ" ಸರ್ಕಾರಿ ಪದ, ಇರಲಿ. ಆದರೆ ಅದರಲ್ಲಿ ಬರೀ ಕಾವಲಿನ ಅರ್ಥ ಕೇಳಿಸುತ್ತದೆ, ಅಲ್ವಾ? ಪರಿವೀಕ್ಷಣಾಧಿಕಾರಿಯ ಕೆಲಸ ಅಷ್ಟೇ ಅಲ್ಲ. 20ರ ಹುಡುಗನೊಬ್ಬ ಮೊಬೈಲ್ ಕದ್ದ ಅನ್ನಿ. 21 ತುಂಬದವನನ್ನು ಸುಮ್ನೆ ಜೈಲಿಗೆ ಕಳಿಸುವಂತಿಲ್ಲ. 6ನೇ ಸೆಕ್ಷನ್ ಪ್ರಕಾರ ಕೋರ್ಟು ಈ ಅಧಿಕಾರಿಯಿಂದ ವರದಿ ತರಿಸಬೇಕು, ಕಳಿಸುವುದೇ ಆದರೆ ಕಾರಣ ಬರೆದಿಡಬೇಕು. ಅಧಿಕಾರಿ ಹುಡುಗನ ನಡತೆ, ಮನೆಯ ಸ್ಥಿತಿ, ಸುತ್ತಲ ವಾತಾವರಣ ವಿಚಾರಿಸಿ ಬರೆಯುತ್ತಾರೆ. ಆ ವರದಿ ಗುಟ್ಟಿನದು. ಬಿಟ್ಟ ಮೇಲೆ ನಿಗಾ ಆದೇಶವಾದರೆ ಕನಿಷ್ಠ 1 ವರ್ಷ ಅವನನ್ನು ನೋಡಿಕೊಳ್ಳಬೇಕು. ಅಗತ್ಯವಿದ್ದರೆ ತಕ್ಕ ಕೆಲಸ ಹುಡುಕಿಕೊಡಲೂ ಯತ್ನಿಸಬೇಕು. ಇದೂ ಕಾಯ್ದೆಯಲ್ಲೇ ಇದೆ, ಅಧಿಕಾರಿಯ ಒಳ್ಳೆಯತನಕ್ಕೆ ಬಿಟ್ಟದ್ದಲ್ಲ.

"ನಿಗಾ ಬಿಡುಗಡೆ" ಅನ್ನೋಣವೆಂದರೆ, ಮುಚ್ಚಳಿಕೆ ಬರೆದ ಎಲ್ಲರ ಮೇಲೂ ನಿಗಾ ಇರುವುದಿಲ್ಲ. "ಮುಚ್ಚಳಿಕೆ ಬಿಡುಗಡೆ" ಅಂದರೆ, ಪೊಲೀಸರು ಬುದ್ಧಿ ಹೇಳಿ ಕಳಿಸಿದಂತೆ ಕೇಳುತ್ತದೆ. "ಷರತ್ತಿನ ಬಿಡುಗಡೆ" ನೇರ ಜಾಮೀನಿನತ್ತ ಎಳೆಯುತ್ತದೆ. ನನ್ನ ಒಲವು "ಪ್ರೊಬೇಷನ್ ಮೇಲೆ ಬಿಡುಗಡೆ" ಕಡೆಗೇ. ಆದರೆ "ಅವನಿನ್ನೂ ಪ್ರೊಬೇಷನ್‌ನಲ್ಲಿದ್ದಾನೆ" ಅಂದರೆ ನಮ್ಮಲ್ಲಿ ಜಾಸ್ತಿ ಜನ "ಓ, ಯಾವ ಇಲಾಖೆಯಲ್ಲಿ?" ಅಂತ ಕೇಳುತ್ತಾರೆ!

ಜೆಎಂಎಫ್‌ಸಿ (ಪ್ರಥಮ ದರ್ಜೆ ಮ್ಯಾಜಿಸ್ಟ್ರೇಟ್) ಕೋರ್ಟುಗಳಲ್ಲಿ ಓಡಾಡುವ ವಕೀಲರು, ಗುಮಾಸ್ತರು ಇಲ್ಲಿದ್ದರೆ ಹೇಳಿ: ಇಂಥ ಆದೇಶವಾದ ದಿನ ಕಕ್ಷಿದಾರನ ತಾಯಿಗೆ ನೀವು ಏನೆಂದು ಹೇಳುತ್ತೀರಿ? ಧಾರವಾಡ, ಕಲಬುರಗಿ ಕಡೆ ಬೇರೆ ಮಾತಿದ್ದರೆ ಅದೂ ಬೇಕು.