‘ಸರ್ವಧರ್ಮ ಪ್ರಾರ್ಥನಾ ಮಂದಿರ’ಕ್ಕೆ ಬದಲಾಗಿ ಯಾವ ಪದ?

ಬೆಂಗಳೂರಿನ ನಮ್ಮ ವಾಸ್ತುವಿನ್ಯಾಸ ಕಚೇರಿಯಲ್ಲಿ ಈಗ ಒಂದು ಹಳ್ಳಿಗಾಗಿ, ಹಿಂದೂ, ಮುಸ್ಲಿಮ್, ಕ್ರೈಸ್ತ ಮನೆಗಳವರು ಒಂದೇ ಆವರಣದಲ್ಲಿ ತಂತಮ್ಮ ರೀತಿಯಲ್ಲಿ ದೇವರನ್ನು ನೆನೆಯಬಹುದಾದ ಕಟ್ಟಡದ ನಕ್ಷೆ ಸಿದ್ಧವಾಗುತ್ತಿದೆ. ಅದರ ಕನ್ನಡ ಟಿಪ್ಪಣಿ ಬರೆಯುವ ಕೆಲಸ ನನ್ನದು. ಮೊದಲ ಕರಡಿನಲ್ಲಿ ‘ಸರ್ವಧರ್ಮ ಪ್ರಾರ್ಥನಾ ಮಂದಿರ’ ಎಂದು ಬರೆದೆ. ಈ ಮೂರು ಪದಗಳಲ್ಲಿ ಒಂದೂ ಈಗ ನನಗೆ ಒಗ್ಗುತ್ತಿಲ್ಲ.

‘ಸರ್ವಧರ್ಮ’ ಎಂಬುದು ಧರ್ಮಸ್ಥಳದ ಲಕ್ಷದೀಪೋತ್ಸವದ ಸಮ್ಮೇಳನದಂಥ ವೇದಿಕೆಗೆ ಒಪ್ಪುವ ಮಾತು. ಹಳ್ಳಿಯ ಬಾಯಲ್ಲಿ ಧರ್ಮವೆಂದರೆ ಹೆಚ್ಚಾಗಿ ದಾನ, ಇಲ್ಲವೇ ಪುಕ್ಕಟೆ ಸಿಕ್ಕಿದ್ದು (ಧರ್ಮದೇಟಿನ ವಿಷಯ ಬೇರೆ). ‘ಪ್ರಾರ್ಥನೆ’ಯ ಮೂಲಾರ್ಥ ಬೇಡಿಕೊಳ್ಳುವುದು, ಸುಮ್ಮನೆ ಕೂತು ಎದ್ದುಹೋಗುವವರಿಗೆ ಅದು ಸಲ್ಲದು. ‘ಆರಾಧನೆ’ ಎನ್ನೋಣವೆಂದರೆ ಪ್ರೊಟೆಸ್ಟಂಟರಲ್ಲಿ ಅದು ಭಾನುವಾರದ ಸಭೆ, ಮಾಧ್ವ ಮಠಗಳಲ್ಲಿ ಯತಿಗಳ ಪುಣ್ಯದಿನ. ‘ಮಂದಿರ’ಕ್ಕೆ ಸಂಸ್ಕೃತದಲ್ಲಿ ಮನೆ ಎಂಬ ಅರ್ಥವಿದ್ದರೂ ಇಂದಿನ ಕಿವಿಗೆ ಅದು ಒಂದು ಮತದ ಕಡೆಗೆ ವಾಲಿದ ಪದ. ಇದಕ್ಕಿಂತ ‘ದೇವಾಲಯ’ವೇ ಉದಾರವೆನ್ನಬೇಕು: ಕನ್ನಡ ಕ್ಯಾಥೊಲಿಕರು ಚರ್ಚಿನ ಫಲಕದ ಮೇಲೆ ‘ದೇವಾಲಯ’ ಎಂದು ಬರೆಸುವುದುಂಟು, ಒಳಗೆ ನಡೆಯುವುದನ್ನು ಬಲಿಪೂಜೆ ಎನ್ನುವುದೂ ಉಂಟು. ಆದರೆ ಮಸೀದಿಗೆ ಹೋಗುವವರ ಮಾತಿನೊಳಕ್ಕೆ ಆ ಪದ ಇಳಿದಿಲ್ಲ.

ಹಳೆಯ ಪದಗಳನ್ನು ಬಿಡಿಸಿ ನೋಡಿದರೆ ಬೇರೆಯೇ ದಾರಿ ಕಾಣುತ್ತದೆ. ‘ಬಸದಿ’ಯು ‘ವಸತಿ’ಯ ತದ್ಭವ. ‘ಮಸೀದಿ’ ಅರಬ್ಬಿಯ ‘ಮಸ್ಜಿದ್’, ಎಂದರೆ ಅಡ್ಡಬೀಳುವ ಜಾಗ. ಕರಾವಳಿಯಲ್ಲಿ ಚರ್ಚಿಗಿರುವ ‘ಇಗರ್ಜಿ’ ಎಂಬ ಹೆಸರು ಪೋರ್ಚುಗೀಸರಿಂದ ಬಂದದ್ದು, ಅದರ ಗ್ರೀಕ್ ಮೂಲಕ್ಕೆ ಸಭೆ ಎಂದರ್ಥ. ‘ದರ್ಗಾ’ ಪಾರ್ಸಿಯಲ್ಲಿ ಹೊಸ್ತಿಲು, ಆಸ್ಥಾನ. ಇವುಗಳಲ್ಲಿ ಒಂದೂ ಮತದ ಹೆಸರೆತ್ತುವುದಿಲ್ಲ; ಇರುವುದು, ಬಾಗುವುದು, ಕೂಡುವುದು, ಬಾಗಿಲಲ್ಲಿ ನಿಲ್ಲುವುದು, ಇಷ್ಟನ್ನೇ ಹೇಳುತ್ತವೆ. ಹೀಗಿರುವಾಗ ಹೊಸ ಕಟ್ಟಡದ ಹೆಸರಿಗೆ ಮಾತ್ರ ಆ ಹೊರೆ ಏಕೆ?

2021ರಲ್ಲಿ ಅಡಿಗಲ್ಲು ಹಾಕಿದ ಬರ್ಲಿನ್‌ನ ಇಂಥದೇ ಮೂರು ಮತಗಳ ಕಟ್ಟಡಕ್ಕೂ (‘ಹೌಸ್ ಆಫ್ ಒನ್’) 2023ರಲ್ಲಿ ತೆರೆದ ಅಬುಧಾಬಿಯದಕ್ಕೂ (‘ಅಬ್ರಹಾಮಿಕ್ ಫ್ಯಾಮಿಲಿ ಹೌಸ್’) ಇಟ್ಟ ಹೆಸರಿನಲ್ಲಿರುವುದು ‘ಮನೆ’ ಎಂಬ ಪದ. ಆ ಜಾಡಿನಲ್ಲಿ ‘ದೇವರಮನೆ’ ಹೊಳೆಯಿತು. ಆದರೆ ಮನೆಗಳಲ್ಲಿ ದೇವರಮನೆಯೆಂದರೆ ಎಲ್ಲಕ್ಕಿಂತ ಇಕ್ಕಟ್ಟಾದ, ಮಡಿಯ, ಹೊರಗಿನವರು ಕಾಲಿಡದ ಕೋಣೆ. ನಮಗೆ ಬೇಕಾದದ್ದಕ್ಕೆ ತೀರ ತದ್ವಿರುದ್ಧ. ‘ಚಾವಡಿ’ಗೆ ಕಂದಾಯದ ನೆನಪು ಅಂಟಿದೆ. ‘ಜಗಲಿ’ ಮುದ್ದಾದ ಪದವೇನೋ ಹೌದು, ಆದರೆ ಯಾರು ಜಗಲಿ ಹತ್ತಬಹುದಿತ್ತು, ಯಾರು ಕೆಳಗೇ ನಿಲ್ಲಬೇಕಿತ್ತು ಎಂಬುದನ್ನು ಊರು ಇನ್ನೂ ಮರೆತಿಲ್ಲ.

ನಕ್ಷೆಯನ್ನು ನೆಲದ ಮೇಲೆ ಸುಣ್ಣದ ಪುಡಿಯಲ್ಲಿ ಗುರುತು ಮಾಡಿದ ದಿನ ನಡೆದದ್ದನ್ನು ಇಲ್ಲಿ ಹೇಳಬೇಕು. ನಡುವೆ ಒಂದು ಚೌಕ, ಅದರ ಸುತ್ತ ಮೂರು ಕೋಣೆಗಳು. ಗುಡಿ ಪೂರ್ವಕ್ಕೆ ಮುಖ ಮಾಡಿದರೆ, ನಮಾಜಿನ ಕೋಣೆಯ ಗೋಡೆ ಮೆಕ್ಕಾದ ದಿಕ್ಕಿಗೆಂದು ಪಶ್ಚಿಮದಿಂದ ಸುಮಾರು 18 ಡಿಗ್ರಿ ಉತ್ತರಕ್ಕೆ ತಿರುಗಿರುವುದರಿಂದ ಗೆರೆಗಳು ಸೊಟ್ಟಗೆ ಕಾಣುತ್ತಿದ್ದವು. ಒಬ್ಬ ಅಜ್ಜಿ ಗೆರೆಯ ಹೊರಗೆ ಚಪ್ಪಲಿ ಬಿಟ್ಟು, ಗೋಡೆಯೇ ಇಲ್ಲದಿದ್ದರೂ ಬಾಗಿಲೆಂದು ಬಿಟ್ಟ ಜಾಗದಿಂದಲೇ ಒಳಬಂದು, ನಡುಚೌಕದಲ್ಲಿ ನಿಂತು, “ಇದು ಪಡಸಾಲೆ ಕಣಪ್ಪ” ಎಂದರು.

ನಡುಚೌಕಕ್ಕೆ ಆ ಪದವನ್ನೇ ಇಟ್ಟಿದ್ದೇನೆ. ಇಡೀ ಕಟ್ಟಡಕ್ಕೆ ‘ಊರ ಪಡಸಾಲೆ’ ಎಂದರೆ ಅದು ಸಮುದಾಯ ಭವನದಂತೆ ಕೇಳಿಸಿ, ದೇವರೇ ಜಾರಿಹೋದಂತಾಗುತ್ತದೆಯೇ? ಉತ್ತರ ಕರ್ನಾಟಕದಲ್ಲಿ ಅಲಾಯಿ ಹಬ್ಬಕ್ಕೆ (ಮೊಹರಂಗೆ) ಎಲ್ಲ ಜಾತಿಯವರೂ ಸೇರುವ ಜಾಗಕ್ಕೆ ‘ಮಸೂತಿ’ಯಲ್ಲದೆ ಬೇರೆ ಹೆಸರಿದ್ದರೆ, ಆ ಕಡೆಯವರು ದಯವಿಟ್ಟು ತಿಳಿಸಬೇಕು.