ಖನಿಜ ಬುಗ್ಗೆಗಳ ಊರು: ಲ್ಯಾಂಡ್‌ಸ್ಕೇಪ್ ಆರ್ಕಿಟೆಕ್ಟ್ ಮೊದಲು ಕೈ ಹಾಕಬೇಕಾದ್ದು ಯಾವುದಕ್ಕೆ?

ಹಸಿರುಗೆರೆ

ಖನಿಜ ಬುಗ್ಗೆಯ ನೀರಿನ ಚಿಕಿತ್ಸೆಗೆ ಹೆಸರಾದ ಜೆಕ್ ದೇಶದ ಮರಿಯಾನ್ಸ್ಕೇ ಲಾಜ್ನೆ ಊರಿನ ನಕ್ಷೆಯಲ್ಲಿ ನಟ್ಟನಡುವೆ ಪಾರ್ಕು, ಕಟ್ಟಡಗಳೆಲ್ಲ ಅದರ ಅಂಚಿಗೆ. ಇದನ್ನು ಹೀಗೆ ರೂಪಿಸಿದ್ದು ವಾತ್ಸ್ಲಾವ್ ಸ್ಕಾಲ್ನಿಕ್ ಎಂಬ ತೋಟಗಾರ ಎಂದು ಓದಿದೆ. ಗಿಡ, ಹುಲ್ಲು, ಕಾಲುದಾರಿ ಎಲ್ಲ ಪಾರ್ಕಿನಲ್ಲೂ ಇರುತ್ತವೆ. ಬುಗ್ಗೆ ಇರುವ ಕಣಿವೆಯಲ್ಲಿ ಇವಲ್ಲದೆ ಇನ್ನೇನು ಮಾಡಬೇಕು, ಯಾವುದು ಮೊದಲು? ಜಾಗ ಜವುಗು, ನೀರು ತಣ್ಣನೆಯದು, ಅದರಲ್ಲಿ ಗ್ಯಾಸ್ (ಇಂಗಾಲದ ಡೈಆಕ್ಸೈಡ್) ಹೆಚ್ಚು, ಕಬ್ಬಿಣದ ಅಂಶವೂ ಇದೆ ಎಂದಿಟ್ಟುಕೊಂಡು ಹೇಳಿ.

ಒರತೆ

ನೀವು ಕೊಟ್ಟ ಉದಾಹರಣೆಯನ್ನೇ ಹಿಡಿಯೋಣ. ತೆಪ್ಲಾ ಮಠದ ಮಠಾಧಿಪತಿ ಕಾರೆಲ್ ರೈಟೆನ್‌ಬರ್ಗರ್ 1817ರಲ್ಲಿ ಸ್ಕಾಲ್ನಿಕ್ ಅವರನ್ನು ಕರೆಸಿದಾಗ ಅಲ್ಲಿದ್ದದ್ದು ಕಾಡು, ಜವುಗು ಮತ್ತು ಕೆಲವೇ ಮನೆಗಳು. ಸ್ಕಾಲ್ನಿಕ್ ಜವುಗು ಬಸಿಯುವಂತೆ ಮಾಡಿದರು, ತೊರೆಗಳ ದಿಕ್ಕು ತಿದ್ದಿದರು, ತಗ್ಗು ತುಂಬಿಸಿದರು, ಆಮೇಲೆ ಇಂಗ್ಲಿಷ್ ಮಾದರಿಯ ಪಾರ್ಕು ಮಾಡಿದರು. ಮುಂದೆ ಆ ಊರಿಗೇ ಮೇಯರ್ ಆದರು. ನನ್ನ ಪ್ರಕಾರ ಅವರ ಅತಿ ದೊಡ್ಡ ತೀರ್ಮಾನ ಕಣಿವೆಯ ತಳವನ್ನು ಕಟ್ಟಡಕ್ಕೆ ಬಿಟ್ಟುಕೊಡದೇ ಇದ್ದದ್ದು. ಬುಗ್ಗೆ ಏಳುವುದು ತಳದಲ್ಲಿ. ಅಲ್ಲಿ ಪಾಯ ತೋಡಿದರೆ ನೀರಿಗೆ ಇನ್ನೊಂದು ಬಾಯಿ ತೆರೆದ ಹಾಗೆ. ಒಳಚರಂಡಿ ಸೋರಿದರಂತೂ ಕೊಳಚೆ ಸೀದಾ ಕುಡಿಯುವ ನೀರಿಗೆ.

ಹಾಗಾಗಿ ಪೆನ್ಸಿಲ್ ಹಿಡಿಯುವ ಮೊದಲು ಜಲಭೂವಿಜ್ಞಾನಿಯ (ನೆಲದಡಿಯ ನೀರಿನ ತಜ್ಞರ) ಜೊತೆ ಕೂತು ಒಂದು ಪೂರ್ತಿ ವರ್ಷದ ಅಳತೆ ತೆಗೆಸಿ: ಹರಿವು, ಉಷ್ಣಾಂಶ, ವಿದ್ಯುತ್ ವಾಹಕತೆ (ನೀರಿನಲ್ಲಿ ಕರಗಿದ ಖನಿಜ ಹೆಚ್ಚಿದ್ದಷ್ಟೂ ಇದು ಹೆಚ್ಚು). ಮಳೆ ಬಂದು ಒಂದೆರಡು ದಿನಕ್ಕೆ ವಾಹಕತೆ ಇಳಿದರೆ ಮೇಲ್ಪದರದ ನೀರು ಬುಗ್ಗೆಗೆ ಬೆರೆಯುತ್ತಿದೆ ಎಂದರ್ಥ. ಆ ಬೆರಕೆ ತಪ್ಪಿಸುವುದೇ ನಿಮ್ಮ ಮೊದಲ ಕೆಲಸ.

ಬಸಿಗಾಲುವೆ ಬುಗ್ಗೆಯ ಮೇಲ್ಬದಿಗೆ, ಇಳಿಜಾರಿಗೆ ಅಡ್ಡಲಾಗಿ ಬರಬೇಕು. ಮೇಲ್ಮಣ್ಣಿನ ನೀರನ್ನಷ್ಟೇ ಹಿಡಿದು ಪಕ್ಕಕ್ಕೆ ಒಯ್ದರೆ ಸಾಕು. ಕೆಳಗಿನ ಜೇಡಿಮಣ್ಣಿನ ಪದರ ತೂತಾಗಕೂಡದು, ಕಾಲುವೆಯ ತಳ ಬುಗ್ಗೆಯ ಬಾಯಿಗಿಂತ ಕೆಳಗೂ ಹೋಗಕೂಡದು. ಹೋದರೆ ನೀರು ಸುಲಭದ ದಾರಿ ಹುಡುಕಿ ಕಾಲುವೆಯಲ್ಲೇ ಏಳುತ್ತದೆ, ಮಂಟಪದೊಳಗಿನ ಬುಗ್ಗೆ ಬತ್ತುತ್ತದೆ. ಕಾಲುವೆಯೊಳಗೆ 100 ಮಿ.ಮೀ. ವ್ಯಾಸದ, ತೂತುಗಳಿರುವ ಪೈಪು, 100ಕ್ಕೆ 1 ಇಳಿಜಾರು, ಸುತ್ತ ತೊಳೆದ ಜಲ್ಲಿ, ಅದರ ಸುತ್ತ ಮಣ್ಣು ತಡೆದು ನೀರು ಬಿಡುವ ಜಿಯೋಟೆಕ್ಸ್‌ಟೈಲ್ ಬಟ್ಟೆ.

ತುಕ್ಕುನೀರು

ಒರತೆ ಅವರು ಹೇಳಿದ ಕ್ರಮ ಸರಿ. ಆದರೆ ಕಬ್ಬಿಣದ ನೀರಿರುವ ಕಡೆ ಜಿಯೋಟೆಕ್ಸ್‌ಟೈಲ್ ಬೇಡವೇ ಬೇಡ. ನೆಲದೊಳಗೆ ಆಮ್ಲಜನಕ ಇಲ್ಲದಿರುವವರೆಗೆ ಕಬ್ಬಿಣ ಕರಗಿಕೊಂಡೇ ಇರುತ್ತದೆ, ನೀರು ತಿಳಿಯಾಗಿಯೇ ಕಾಣುತ್ತದೆ. ಗಾಳಿ ತಾಗಿದ ಕೂಡಲೇ ಕಿತ್ತಳೆ ಬಣ್ಣದ ಗಸಿ ಕಟ್ಟುತ್ತದೆ, ಕಬ್ಬಿಣ ತಿನ್ನುವ ಬ್ಯಾಕ್ಟೀರಿಯಾ ಸೇರಿ ಅದು ಲೋಳೆಯಾಗುತ್ತದೆ. ಬಟ್ಟೆಯ ಸಣ್ಣ ಕಣ್ಣುಗಳು ಮೊದಲು ಮುಚ್ಚುತ್ತವೆ, ಆಮೇಲೆ ಪೈಪಿನ ತೂತುಗಳು. ಮೇಲೆ ಹುಲ್ಲು ಹಸಿರಾಗಿಯೇ ಇರುವುದರಿಂದ ಪಾರ್ಕು ಮತ್ತೆ ಜವುಗಾಗುವವರೆಗೆ ಯಾರಿಗೂ ಗೊತ್ತಾಗುವುದಿಲ್ಲ.

ಬಟ್ಟೆಯ ಬದಲು ಒರಟು ಮರಳು ಮತ್ತು ಜಲ್ಲಿಯನ್ನು ಗಾತ್ರದ ಕ್ರಮದಲ್ಲಿ ಪದರ ಪದರವಾಗಿ ಹಾಕಿ. ದೊಡ್ಡ ತೂತಿನ ಪೈಪು ಆರಿಸಿ. ತಿರುವಿರುವಲ್ಲೆಲ್ಲ ಒಂದು ಚೇಂಬರ್ ಬೇಕು, ಎರಡೂ ಕಡೆಯಿಂದ ನೀರು ಹಾಯಿಸಿ ತೊಳೆಯಲು ಬರಬೇಕು. ಪೈಪಿನ ಕೊನೆ ನೀರಿನಲ್ಲಿ ಮುಳುಗಿದ್ದರೆ ಒಳಗೆ ಗಾಳಿ ನುಗ್ಗದು, ಗಸಿಯೂ ಕಡಿಮೆ.

ನೆಲಹಾಸಿನದೂ ಇದೇ ಕಥೆ. ನಲ್ಲಿಯ ಸುತ್ತ ಬಿಳಿ ಸುಣ್ಣಕಲ್ಲು ಹಾಸುವವರಿದ್ದಾರೆ. ಇಂಗಾಲದ ಡೈಆಕ್ಸೈಡ್ ಕರಗಿ ಆಮ್ಲೀಯವಾದ ನೀರು ಆ ಕಲ್ಲನ್ನು ತಿನ್ನುತ್ತದೆ, ಕಬ್ಬಿಣ ಅದರ ಮೇಲೆ ಕಂದು ಕಲೆ ಬಿಡುತ್ತದೆ. ಗ್ರಾನೈಟ್ ಹಾಸಿ, ಚೆಲ್ಲಿದ ನೀರು ನಿಲ್ಲದೆ ಸಣ್ಣ ಕಾಲುವೆಗೆ ಹರಿಯುವಂತೆ 2% ವಾಟ ಕೊಡಿ. ನೀರಿನಲ್ಲಿ ಸಲ್ಫೇಟ್ ಇದ್ದರೆ ಕಾಂಕ್ರೀಟಿಗೆ ಸಲ್ಫೇಟ್ ತಡೆಯುವ ಸಿಮೆಂಟೇ ಬೇಕು. ಸಾಮಾನ್ಯ ಸಿಮೆಂಟ್ ಒಳಗಿಂದ ಉಬ್ಬಿ ಬಿರುಕು ಬಿಡುತ್ತದೆ.

ಗಾಳಿಮರ

ಗ್ಯಾಸ್ ವಿಷಯ ಇನ್ನೂ ಯಾರೂ ಎತ್ತಿಲ್ಲ, ಜೀವಕ್ಕೆ ಅಪಾಯ ಇರುವುದು ಅದರಲ್ಲೇ. ಇಂಗಾಲದ ಡೈಆಕ್ಸೈಡ್ ಗಾಳಿಗಿಂತ ಸುಮಾರು ಒಂದೂವರೆ ಪಟ್ಟು ಭಾರ. ಗಾಳಿ ಬೀಸದ ಮುಂಜಾನೆ ತಗ್ಗಿನಲ್ಲಿ ತುಂಬಿಕೊಳ್ಳುತ್ತದೆ, ಬಣ್ಣವಿಲ್ಲ, ಮೂಗಿಗೂ ತಿಳಿಯದು. 8 ಗಂಟೆ ಕೆಲಸ ಮಾಡುವ ಜಾಗಕ್ಕೆ ಸಾಮಾನ್ಯವಾಗಿ ಇಟ್ಟುಕೊಳ್ಳುವ ಮಿತಿ 0.5%. 4% ಆದರೆ ಜೀವಕ್ಕೇ ಕುತ್ತು. ಬುಗ್ಗೆಯ ಸುತ್ತ ನೆಲ ತಗ್ಗಿಸಿ ಮೆಟ್ಟಿಲಿಳಿಸಿ ಬೆಂಚು ಹಾಕುವ ಸುಂದರ ನಕ್ಷೆಗಳನ್ನು ದಯವಿಟ್ಟು ಬಿಟ್ಟುಬಿಡಿ. ಕೂತವರ ಮೂಗಿಗಿಂತ ಮಗುವಿನ ಮೂಗು ಇನ್ನೂ ಕೆಳಗಿರುತ್ತದೆ. ತಗ್ಗು ತಪ್ಪಿಸಲಾಗದಿದ್ದರೆ ಕೆಳಬದಿಯಲ್ಲಿ ಬೇಲಿಗಿಡಕ್ಕೆ ನೆಲಮಟ್ಟದವರೆಗೆ ಸಂದು ಬಿಡಿ, ಗ್ಯಾಸ್ ಇಳಿದು ಹೋಗಲಿ. ಬುಗ್ಗೆಯ ಕೋಣೆಗೆ ಗಾಳಿಕಿಂಡಿ ಛಾವಣಿಯಲ್ಲಷ್ಟೇ ಇಟ್ಟರೆ ಪ್ರಯೋಜನವಿಲ್ಲ, ನೆಲಕ್ಕೆ ತಾಗಿದಂತೆ ಬೇಕು. ಒಳಗಿಳಿಯುವವರ ಕೈಯಲ್ಲಿ ಗ್ಯಾಸ್ ಮೀಟರ್ ಇರಲೇಬೇಕು.

ಮರಗಳಿಗೂ ಇದೇ ತೊಂದರೆ. ಕ್ಯಾಲಿಫೋರ್ನಿಯಾದ ಮ್ಯಾಮತ್ ಪರ್ವತದಲ್ಲಿ 1990ರ ಸುಮಾರಿಗೆ ಮರಗಳು ಗುಂಪುಗುಂಪಾಗಿ ಒಣಗಿದ್ದು ಬೇರಿನ ಸುತ್ತ ಈ ಗ್ಯಾಸ್ ತುಂಬಿದ್ದರಿಂದ. ನೀರು, ಗೊಬ್ಬರ ಸರಿಯಿದ್ದೂ ಒಂದೇ ಕಡೆ ಸಸಿ ಸಾಯುತ್ತಿದ್ದರೆ ಕೀಟನಾಶಕ ಹೊಡೆಯುವ ಮೊದಲು ಮಣ್ಣಿನ ಗ್ಯಾಸ್ ಅಳೆಯಿರಿ. ವಿಲ್ಲೋ, ಪಾಪ್ಲರ್ ಮರಗಳನ್ನು ಬುಗ್ಗೆಯ ಕಟ್ಟೆಯಿಂದ ಕನಿಷ್ಠ 30 ಮೀಟರ್ ದೂರ ಇಡಿ. ಅವುಗಳ ಬೇರು ನೀರಿನ ಜಾಡು ಹಿಡಿದು ಪೈಪಿನ ಜೋಡಣೆಯೊಳಗೆ ಹೊಕ್ಕುತ್ತದೆ.

ಹಸಿರುಗೆರೆ

ತುಂಬಾ ಉಪಯೋಗವಾಯಿತು. ಎರಡು ಪ್ರಶ್ನೆ ಉಳಿದಿವೆ. ದಾರಿಗಳ ಇಳಿಜಾರು ಎಷ್ಟಿರಬೇಕು? ಬುಗ್ಗೆಯಿಂದ ದೂರದ ಗುಡ್ಡದ ಮೇಲೂ ನಮಗೆ ಕೆಲಸ ಇದೆಯೇ?

ಒರತೆ

ಜಿಯೋಟೆಕ್ಸ್‌ಟೈಲ್ ಬಗ್ಗೆ ತುಕ್ಕುನೀರು ಹೇಳಿದ್ದನ್ನು ಒಪ್ಪುತ್ತೇನೆ, ಕಬ್ಬಿಣ ಇರುವ ಕಡೆ ಹಾಗೆಯೇ ಮಾಡಿ.

ದಾರಿ: ಈ ಊರುಗಳಲ್ಲಿ ಲೋಟ ಹಿಡಿದು ಗುಟುಕು ಗುಟುಕಾಗಿ ಕುಡಿಯುತ್ತ ನಡೆಯುವುದೇ ಚಿಕಿತ್ಸೆಯ ಭಾಗ. ಅದಕ್ಕೇ ಮಳೆಗೂ ನಡೆಯಲು ಬರುವ ಕಂಬಸಾಲಿನ ಮಂಟಪ. ಬುಗ್ಗೆಯ ಹತ್ತಿರದ ದಾರಿ 5% ಮೀರದಿರಲಿ, ಸುಮಾರು 50 ಮೀಟರಿಗೊಂದು ಬೆಂಚು ಇರಲಿ. ಗುಡ್ಡದ ದಾರಿಗಳನ್ನು ಏರಿನ ಪ್ರಕಾರ ವಿಂಗಡಿಸಿ ಗುರುತು ಹಾಕಿ. ಹೃದಯದ ರೋಗಿಗಳಿಗೆ ಏರು ಅಳೆದು ನಡಿಗೆ ಬರೆದುಕೊಡುವ ಪದ್ಧತಿಯನ್ನು ಜರ್ಮನ್ ವೈದ್ಯ ಮಾಕ್ಸ್ ಜೋಸೆಫ್ ಅರ್ಟೆಲ್ 1880ರ ದಶಕದಲ್ಲೇ ಪ್ರಚಾರಕ್ಕೆ ತಂದಿದ್ದರು.

ಗುಡ್ಡದ ಮೇಲಿನ ಕೆಲಸವೇ ಹೆಚ್ಚು. ಮಳೆ ಇಂಗುವುದು ಅಲ್ಲಿ. ಜರ್ಮನಿಯಲ್ಲಿ ಔಷಧೀಯ ಬುಗ್ಗೆಯ ನೀರು ಕೆಡದಂತೆ ಮೂರು ಹಂತದ ರಕ್ಷಣಾ ವಲಯ ಗುರುತಿಸುತ್ತಾರೆ, ನೀರಿನ ಪ್ರಮಾಣ ಕಾಯಲು ಬೇರೆಯದೇ ವಲಯಗಳಿವೆ. ನಿಮ್ಮ ನಕ್ಷೆಯಲ್ಲಿ ಪಾರ್ಕಿಂಗ್, ನರ್ಸರಿ, ಗೊಬ್ಬರ ಹಾಕುವ ಹುಲ್ಲುಹಾಸು, ಮಂಜಿಗೆ ಉಪ್ಪು ಚೆಲ್ಲುವ ರಸ್ತೆ ಇವೆಲ್ಲ ಒಳವಲಯದಿಂದ ಹೊರಗಿರಬೇಕು.

ತುಕ್ಕುನೀರು

ನೀರಿನ ಪ್ರಮಾಣದ ವಿಷಯಕ್ಕೆ ಅಮೆರಿಕದ ಬುಗ್ಗೆಗಳ ಊರು ಸಾರಾಟೋಗಾ ಸ್ಪ್ರಿಂಗ್ಸ್ ನೋಡಿ. ಅಲ್ಲಿ ಕಂಪನಿಗಳು ನೀರಿನಲ್ಲಿದ್ದ ಇಂಗಾಲದ ಡೈಆಕ್ಸೈಡ್ ಗ್ಯಾಸ್ ಮಾರಲೆಂದು ಬಾವಿ ಕೊರೆದು ಪಂಪು ಹಚ್ಚಿದವು, ಬುಗ್ಗೆಗಳ ಮಟ್ಟ ಕುಸಿಯಿತು. ನ್ಯೂಯಾರ್ಕ್ ರಾಜ್ಯ 1908ರಲ್ಲಿ ಪಂಪು ತಡೆಯುವ ಕಾನೂನು ತಂದು, 1909ರಲ್ಲಿ ಬುಗ್ಗೆಗಳಿಗಾಗಿ ಸರ್ಕಾರಿ ಮೀಸಲು ಪ್ರದೇಶ ಮಾಡಬೇಕಾಯಿತು. ಪಾರ್ಕಿಗೆ ನೀರುಣಿಸಲೆಂದು ನಕ್ಷೆಯಲ್ಲಿ ಹೊಸ ಬೋರ್‌ವೆಲ್ ಗುರುತಿಸುವ ಮೊದಲು ಇದು ನೆನಪಿರಲಿ. ಛಾವಣಿಯ ಮಳೆನೀರು ಹಿಡಿಯುವ ತೊಟ್ಟಿಯನ್ನು ಮೊದಲ ನಕ್ಷೆಯಲ್ಲೇ ಸೇರಿಸಿ, ಆಮೇಲೆ ಅದಕ್ಕೆ ಜಾಗ ಸಿಗುವುದಿಲ್ಲ.